ಡೊಂಬಿವಲಿ ಲೋಕಲ್‌ನಲ್ಲಿ ಹಾಕಿದ ಸಹಿ

ಸೋಮವಾರ ಬೆಳಿಗ್ಗೆ ತುರ್ಭೆ ಕಡೆಯ ಒಂದು ಸಣ್ಣ ಶೀತಲ ಗೋದಾಮಿನ ಬಾಗಿಲು ತೆರೆದ ಕೆಲಸಗಾರನಿಗೆ ಮೊದಲು ಕಂಡದ್ದು ನೆಲದ ಮೇಲಿನ ನೀರು. ಹೊರಗೋಡೆಯ ಪರದೆಯಲ್ಲಿ ಮಾತ್ರ ಮೈನಸ್ 18 ಎಂದೇ ಇತ್ತು. ಕಂಪ್ರೆಸರ್ ಶನಿವಾರ ರಾತ್ರಿಯೇ ನಿಂತಿತ್ತು. ಅದಕ್ಕೂ ಸ್ವಲ್ಪ ಮೊದಲು ಆ ಪರದೆಯ ಹಿಂದಿದ್ದ ಪುಟ್ಟ ಕಂಪ್ಯೂಟರೂ ನಿಂತುಹೋಗಿತ್ತು. ಕೆಟ್ಟ ಗಡಿಯಾರ ಕೊನೆಯ ಹೊತ್ತನ್ನೇ ತೋರಿಸುತ್ತಿರುತ್ತದಲ್ಲ, ಹಾಗೆ ಪರದೆ ತನ್ನ ಕೊನೆಯ ಅಂಕಿಯನ್ನು ಹಿಡಿದುಕೊಂಡು ಕೂತಿತ್ತು. ಅಲಾರಂ ಬಾರಿಸಬೇಕಾದದ್ದೂ ಅದೇ ಕಂಪ್ಯೂಟರ್. ಹೋಟೆಲುಗಳಿಗೆ ಹೋಗಬೇಕಿದ್ದ ಬಟಾಣಿ, ಜೋಳ, ಪನೀರು ಎಲ್ಲ ಕಸದ ಗಾಡಿ ಸೇರಿತು.

ಆ ಕಂಪ್ಯೂಟರಿನೊಳಗೆ ಓಡುತ್ತಿದ್ದ ಡ್ರೈವರ್‌ಗೆ ಮಾಡಿದ ಒಂದು ಬದಲಾವಣೆಯ ಕೆಳಗೆ ‘ಓದಿ ನೋಡಿದ್ದೇನೆ, ಸರಿಯಿದೆ’ ಎಂದು ಹೆಸರು ಬರೆದವನು ನಾನು. ಬರೆದದ್ದು ಡೊಂಬಿವಲಿಯಿಂದ ಥಾಣೆಗೆ ಹೋಗುವ ಲೋಕಲ್‌ನಲ್ಲಿ, ಬಾಗಿಲ ಬಳಿಯ ಕಂಬ ಹಿಡಿದು ನಿಂತು, ಮೊಬೈಲಿನಲ್ಲಿ. ದಿವಾದಲ್ಲಿ ತೆರೆದೆ, ಮುಂಬ್ರಾ ಬರುವಷ್ಟರಲ್ಲಿ ಮುಗಿಸಿದೆ.

ನಮ್ಮಲ್ಲಿ ಬಹಳ ಮಂದಿ ಐಟಿಯಲ್ಲಿದ್ದಾರೆ. ಐರೋಲಿ, ಘನ್ಸೋಲಿ, ಮಹಾಪೆಗಳ ಗಾಜಿನ ಕಟ್ಟಡಗಳಲ್ಲಿ ಕನ್ನಡದ ಹುಡುಗರು ಹುಡುಗಿಯರು ಏನು ಕಡಿಮೆಯೇ? ಆದರೆ ಡ್ರೈವರ್ ಬರೆಯುವ ಕೆಲಸ ಎಂದರೆ ಸಂಘದ ಕಾರ್ಯಕ್ರಮಕ್ಕೆ ಬಂದ ಹಿರಿಯರು ಇಂದಿಗೂ “ಓಲಾದಲ್ಲಾ, ಊಬರ್‌ನಲ್ಲಾ?” ಎಂದು ಕೇಳುತ್ತಾರೆ. ಅವರದ್ದೇನು ತಪ್ಪಿಲ್ಲ. ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಕೂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವ ಪ್ರೋಗ್ರಾಂ ಅದು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಳಗೇ ಅದು ಓಡುವುದರಿಂದ ಅಲ್ಲಿ ತಪ್ಪಾದರೆ ಒಂದು ಆ್ಯಪ್ ಮುಚ್ಚಿಕೊಳ್ಳುವುದಿಲ್ಲ, ಇಡೀ ಯಂತ್ರವೇ ಮಲಗುತ್ತದೆ. ಅದರಲ್ಲೂ ಅತಿ ನಾಜೂಕಿನ ಭಾಗ ಇಂಟರಪ್ಟ್ ನೋಡಿಕೊಳ್ಳುವ ಕೋಡ್.

ಇಂಟರಪ್ಟ್ ಎಂದರೇನು? ಎಂಬತ್ತರ ದಶಕದಲ್ಲಿ ಡೊಂಬಿವಲಿ, ಕಲ್ಯಾಣದ ಚಾಳುಗಳಲ್ಲಿ ಬೆಳೆದವರಿಗೆ ಪಿ.ಪಿ. ನಂಬರು ನೆನಪಿರಬೇಕು. ಚಾಳಿನ ಒಂದೇ ಮನೆಯಲ್ಲಿ ಫೋನು, ಊರಿನವರಿಗೆಲ್ಲ ಕೊಟ್ಟಿರುವುದು ಅದೇ ನಂಬರು. ಊರಿಂದ ಕರೆ ಬಂದಿದೆಯಾ ಎಂದು ಐದೈದು ನಿಮಿಷಕ್ಕೆ ಆ ಮನೆಗೆ ಹೋಗಿ ಕೇಳುತ್ತಿದ್ದರೆ ನಮ್ಮ ಕೆಲಸವೂ ಆಗುವುದಿಲ್ಲ, ಅವರೂ ಬೈಯುತ್ತಾರೆ. ಕರೆ ಬಂದಾಗ ಅವರೇ ಗ್ಯಾಲರಿಯಲ್ಲಿ ನಿಂತು ಕೂಗುತ್ತಿದ್ದರು. ಅಮ್ಮ ಒಲೆಯ ಮೇಲಿನದ್ದನ್ನು ಇಳಿಸಿ ಓಡುತ್ತಿದ್ದಳು, ಮಾತು ಮುಗಿಸಿ ಬಂದು ಬಿಟ್ಟಲ್ಲಿಂದಲೇ ಅಡುಗೆ ಮುಂದುವರಿಸುತ್ತಿದ್ದಳು. ಪ್ರೊಸೆಸರ್ ಮಾಡುವುದೂ ಇಷ್ಟೇ. ಕೀಬೋರ್ಡು, ಡಿಸ್ಕು, ನೆಟ್‌ವರ್ಕ್ ಕಾರ್ಡು, ಗೋದಾಮಿನ ಸೆನ್ಸರು ಯಾವುದಾದರೂ ಕೂಗು ಹಾಕಿದಾಗ ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು, ಆ ಕೂಗಿಗೆಂದು ಬರೆದಿಟ್ಟ ಹ್ಯಾಂಡ್ಲರ್ ಎಂಬ ತುಣುಕನ್ನು ಓಡಿಸಿ, ಮರಳಿ ಬರುತ್ತದೆ. ಇದಕ್ಕೆ ಕನ್ನಡದಲ್ಲಿ ‘ಅಡಚಣೆ’ ಎಂದು ಬರೆದದ್ದನ್ನು ನೋಡಿದ್ದೇನೆ. ನನಗದು ಒಪ್ಪಿಗೆಯಿಲ್ಲ. ಕರೆ ಅಡಚಣೆಯಲ್ಲ, ಅದಕ್ಕಾಗಿಯೇ ಕಾಯುತ್ತಿದ್ದೆವು.

ಪಿ.ಪಿ. ನಂಬರಿನ ಹೋಲಿಕೆ ಇನ್ನೂ ಸ್ವಲ್ಪ ದೂರ ಬರುತ್ತದೆ. ಕಂಪ್ಯೂಟರಿನಲ್ಲಿಯೂ ಹಲವು ಸಾಧನಗಳು ಒಂದೇ ತಂತಿಯನ್ನು ಹಂಚಿಕೊಳ್ಳುವುದುಂಟು. ಗಂಟೆ ಬಾರಿಸಿದಾಗ ಯಾರಿಗೆ ಎಂದು ತಂತಿ ಹೇಳುವುದಿಲ್ಲ, ಆ ತಂತಿಯ ಹ್ಯಾಂಡ್ಲರ್‌ಗಳನ್ನೆಲ್ಲ ಲಿನಕ್ಸ್ ಕರ್ನಲ್ ಒಂದೊಂದಾಗಿ ಕರೆಯುತ್ತದೆ. ಪ್ರತಿಯೊಬ್ಬನೂ ತನ್ನ ಸಾಧನವನ್ನು ನೋಡಿ ‘ನನ್ನದು’ ಅಥವಾ ‘ನನ್ನದಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಬೇಕು. 1,00,000 ಸಲ ಗಂಟೆಯಾಗಿ ಅದರಲ್ಲಿ 99,900ಕ್ಕಿಂತ ಹೆಚ್ಚು ಸಲ ಎಲ್ಲರೂ ‘ನನ್ನದಲ್ಲ’ ಎಂದರೆ ಕರ್ನಲ್ ಬೇಸತ್ತು ‘ನೋಬಡಿ ಕೇರ್ಡ್’ ಎಂದು ಬರೆದು ಆ ತಂತಿಯನ್ನೇ ಮುಚ್ಚಿಬಿಡುತ್ತದೆ. ನಿಜಕ್ಕೂ ಹಾಗೆಯೇ ಬರೆಯುತ್ತದೆ, ಯಾರೂ ಕ್ಯಾರೇ ಅನ್ನಲಿಲ್ಲ ಎಂದು. ಮೊದಲ ಸಲ ನೋಡಿದಾಗ ಯಾವುದೋ ಮುನಿಸಿಕೊಂಡ ಅಜ್ಜಿ ಬರೆದಂತೆ ಅನಿಸಿತ್ತು. ತನ್ನದಲ್ಲದ ಕರೆಗೂ ‘ನನ್ನದು’ ಎನ್ನುವ ಸೋಮಾರಿ ಹ್ಯಾಂಡ್ಲರ್ ಇದ್ದರೆ ಈ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ರಿವ್ಯೂ ಮಾಡುವವನು ಮೊದಲು ಕಣ್ಣು ಹಾಯಿಸುವ ಜಾಗಗಳಲ್ಲಿ ಅದೂ ಒಂದು.

ಇನ್ನೊಂದು ಜಾಗ ನನಗೆ ಅಪ್ಪನಿಂದ ಗೊತ್ತಾದದ್ದು. ಅಪ್ಪ ಕುಂದಾಪುರ ಕಡೆಯಿಂದ ಬಂದು ಥಾಣೆಯ ಉಡುಪಿ ಹೋಟೆಲೊಂದರಲ್ಲಿ ವೇಟರ್ ಆಗಿದ್ದರು. ಗಿರಾಕಿ ಕರೆದರೆ ವೇಟರ್ ಹೋಗಿ ಆರ್ಡರ್ ಕೇಳಿ, ಒಳಗೆ ಕೂಗಿ ಹೇಳಿ, ಕೂಡಲೇ ಮುಂದಿನ ಮೇಜಿಗೆ ಹೋಗಬೇಕು. ದೋಸೆ ಹೊಯ್ಯಲು ಅವನೇ ನಿಂತರೆ ಹೋಟೆಲು ನಿಂತಿತು. ದೋಸೆ ಭಟ್ಟರ ಕೆಲಸ. ಹ್ಯಾಂಡ್ಲರ್‌ನದ್ದೂ ವೇಟರಿನ ಕೆಲಸವೇ. ಏನು ಬಂತೆಂದು ನೋಡಬೇಕು, ಸಾಧನಕ್ಕೆ ‘ಕೇಳಿಸಿತು’ ಎಂದು ತಿಳಿಸಿ ಗಂಟೆ ನಿಲ್ಲಿಸಬೇಕು, ಉಳಿದ ಭಾರದ ಕೆಲಸವನ್ನು ಒಳಗೆ ದಾಟಿಸಬೇಕು. ಅಲ್ಲಿ ನಿದ್ದೆ ಮಾಡುವಂತಿಲ್ಲ, ಯಾರಿಗಾದರೂ ಕಾಯುವಂತಹ ಯಾವುದನ್ನೂ ಕರೆಯುವಂತಿಲ್ಲ. ಸ್ವಲ್ಪ ಮೆಮೊರಿ ಬೇಕೆಂದು ಕೇಳುವಾಗಲೂ ‘ಇದ್ದರೆ ಈಗಲೇ ಕೊಡು, ಇಲ್ಲದಿದ್ದರೆ ಬೇಡ’ ಎನ್ನುವ ರೀತಿಯಲ್ಲೇ ಕೇಳಬೇಕು. ಒಳಗಿನ ಕೆಲಸಕ್ಕೆಂದೇ ಹ್ಯಾಂಡ್ಲರ್‌ಗೆ ತನ್ನದೇ ಥ್ರೆಡ್ ಕೊಡುವ ವ್ಯವಸ್ಥೆ 2009ರಲ್ಲಿ ಲಿನಕ್ಸ್‌ಗೆ ಬಂತು. ಭಟ್ಟರಿಗೆ ಪ್ರತ್ಯೇಕ ಅಡುಗೆಮನೆ ಸಿಕ್ಕಿದ ಹಾಗೆ.

ಇವೆಲ್ಲ ನನಗೆ ಬಾಯಿಪಾಠವಾಗಿದ್ದವು. ಅಂದು ಮೊಬೈಲಿನಲ್ಲಿ ಇವನ್ನೆಲ್ಲ ನೋಡಿದೆ ಕೂಡ. ತಪ್ಪಿದ್ದದ್ದು ಬೇರೆ ಕಡೆ.

ಬದಲಾವಣೆ ಬರೆದವನು ವಿಜಯಪುರದ ಕಡೆಯ ಹುಡುಗ, ಕಲ್ಯಾಣದಲ್ಲಿ ನಾಲ್ಕು ಜನರ ಜತೆ ರೂಮು ಮಾಡಿಕೊಂಡಿದ್ದ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಎಷ್ಟು ಕರೆ ಬಂತು, ಎಷ್ಟು ತಪ್ಪಿತು ಎಂಬ ಲೆಕ್ಕವನ್ನು ನಿಮಿಷಕ್ಕೊಮ್ಮೆ ಓದಿ ಹೇಳುವ ಒಂದು ಸಣ್ಣ ಫಂಕ್ಷನ್ ಸೇರಿಸಿದ್ದ, ಅಷ್ಟೆ. ಹದಿನಾಲ್ಕು ಸಾಲು. ಆ ಲೆಕ್ಕವನ್ನು ಹ್ಯಾಂಡ್ಲರ್ ಕೂಡ ಬದಲಾಯಿಸುತ್ತಿರುವುದರಿಂದ ಓದುವಾಗ ಸ್ಪಿನ್ ಲಾಕ್ ಎಂಬ ಬೀಗ ಹಾಕಿದ್ದ, ಓದಿ ತೆಗೆದಿದ್ದ. “ಎಲ್ಲಾ ಟೆಸ್ಟ್ ಪಾಸ್ ಆಗ್ಯಾವ್ರೀ ಸರ್” ಎಂದು ಕೆಳಗೆ ಬರೆದಿದ್ದ. ಬೀಗ ಹಾಕಿದ್ದಾನೆ, ತೆಗೆದಿದ್ದಾನೆ, ಜಾಣ ಹುಡುಗ ಎಂದುಕೊಂಡೆ.

ಬೀಗದ ಕತೆ ಹೀಗೆ. ಉಗ್ರಾಣಕ್ಕೆ ಒಂದೇ ಕೀಲಿ. ಒಬ್ಬ ಒಳಗಿದ್ದರೆ ಇನ್ನೊಬ್ಬ ಹೊರಗೆ ಕಾಯುತ್ತಾನೆ, ಅವನು ಬಂದ ಮೇಲೆ ಇವನು. ಇಬ್ಬರು ಬೇರೆ ಬೇರೆಯಾಗಿದ್ದರೆ ತೊಂದರೆಯೇ ಇಲ್ಲ. ಆದರೆ ಕೀಲಿ ಹಿಡಿದು ಒಳಗಿರುವವನನ್ನೇ ಗಂಟೆ ಬಾರಿಸಿ ಹೊರಗೆ ಎಳೆದು, “ಉಗ್ರಾಣದಿಂದ ಇದನ್ನು ತೆಗೆದುಕೊಂಡು ಬಾ, ಅದಾಗುವ ತನಕ ಬೇರೇನೂ ಮಾಡಬೇಡ” ಎಂದರೆ? ಅವನು ಬಾಗಿಲಲ್ಲಿ ಕೀಲಿಗಾಗಿ ಕಾಯುತ್ತಾ ನಿಲ್ಲುತ್ತಾನೆ. ಕೀಲಿ ಅವನ ಸೊಂಟದಲ್ಲೇ ಇದೆ. ಪ್ರೊಸೆಸರಿನ ಯಾವ ಕೋರ್ ಬೀಗ ಹಿಡಿದಿದೆಯೋ ಅದೇ ಕೋರ್‌ಗೆ ಆ ಕ್ಷಣದಲ್ಲಿ ಇಂಟರಪ್ಟ್ ಬಂದು, ಹ್ಯಾಂಡ್ಲರ್ ಕೂಡ ಅದೇ ಬೀಗ ಕೇಳಿದರೆ ಆಗುವುದು ಇದು. ಹ್ಯಾಂಡ್ಲರ್ ಮುಗಿಯದೆ ಬೀಗ ಬಿಡುವಂತಿಲ್ಲ, ಬೀಗ ಸಿಗದೆ ಹ್ಯಾಂಡ್ಲರ್ ಮುಗಿಯುವಂತಿಲ್ಲ. ಆ ಕೋರ್ ಅಲ್ಲೇ ಸುತ್ತುತ್ತಾ ಉಳಿಯುತ್ತದೆ. ಅದೇ ಬಾಗಿಲಿಗೆ ಬಂದ ಉಳಿದ ಕೋರ್‌ಗಳೂ ಒಂದೊಂದಾಗಿ ಸಾಲಿನಲ್ಲಿ ನಿಲ್ಲುತ್ತವೆ.

ಇದಕ್ಕೆ ಮದ್ದು ಹಳೆಯದು, ಎಲ್ಲರಿಗೂ ಗೊತ್ತಿರುವುದು. ಹ್ಯಾಂಡ್ಲರ್ ಜತೆ ಹಂಚಿಕೊಂಡ ಬೀಗವನ್ನು ಹೊರಗಿನ ಕೋಡ್ ಹಿಡಿಯುವಾಗ ಆ ಕೋರ್‌ನ ಇಂಟರಪ್ಟ್‌ಗಳನ್ನು ಒಂದು ಕ್ಷಣ ಮುಚ್ಚಿಯೇ ಹಿಡಿಯಬೇಕು. ಸ್ಪಿನ್ ಲಾಕ್ ಎನ್ನುವ ಕಡೆ ಸ್ಪಿನ್ ಲಾಕ್ ಐಆರ್‌ಕ್ಯೂ ಸೇವ್ ಎಂದು ಬರೆಯಬೇಕು. ನಮ್ಮ ಡ್ರೈವರ್‌ನ ಉಳಿದ ಕಡೆಗಳಲ್ಲೆಲ್ಲ ಹಾಗೆಯೇ ಇತ್ತು. ಈ ಹದಿನಾಲ್ಕು ಸಾಲಿನಲ್ಲಿ ಮಾತ್ರ ಇರಲಿಲ್ಲ. ರಿವ್ಯೂ ಪರದೆ ಹೊಸ ಸಾಲುಗಳನ್ನು ಹಸಿರಿನಲ್ಲಿ ತೋರಿಸುತ್ತದೆ, ಅದರ ಮೇಲೆ ಕೆಳಗೆ ಮೂರು ಮೂರು ಸಾಲು, ಅಷ್ಟೇ. ಹ್ಯಾಂಡ್ಲರ್ ಇದ್ದದ್ದು ಅದೇ ಕಡತದಲ್ಲಿ ಮುನ್ನೂರು ಸಾಲು ಮೇಲೆ. ಬದಲಾಗದ ಸಾಲು, ಆದ್ದರಿಂದ ಪರದೆಯಲ್ಲಿ ಇಲ್ಲ. ನಾನು ನೋಡಬೇಕಿದ್ದದ್ದು ಹಸಿರಿನಲ್ಲಿ ಇಲ್ಲದ್ದನ್ನು.

ಟೆಸ್ಟ್ ಯಾಕೆ ಹಿಡಿಯಲಿಲ್ಲ ಎಂದು ಆಮೇಲೆ ಕೂತು ಲೆಕ್ಕ ಹಾಕಿದೆವು. ಬೀಗ ಹಿಡಿದಿರುತ್ತಿದ್ದದ್ದು ಸುಮಾರು ಒಂದು ಮೈಕ್ರೋಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ. ಸೆಕೆಂಡಿಗೆ ನೂರು ಇಂಟರಪ್ಟ್. ಒಂದು ಸಲ ಲೆಕ್ಕ ಓದುವಾಗ ಆ ಕಿಂಡಿಯಲ್ಲಿ ಗಂಟೆ ಬೀಳುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು. ಅದೂ ನಾಲ್ಕು ಕೋರ್‌ಗಳಲ್ಲಿ ಸರಿಯಾಗಿ ಅದೇ ಕೋರ್ ಮೇಲೆ ಬೀಳಬೇಕು, ಆಗ ನಲವತ್ತು ಸಾವಿರದಲ್ಲಿ ಒಂದು. ನಿಮಿಷಕ್ಕೊಂದು ಸಲ ಓದಿದರೆ ದಿನಕ್ಕೆ 1,440 ಸಲ. ಹಾಗಾದರೆ ಸರಾಸರಿ ಇಪ್ಪತ್ತೆಂಟು ದಿನಕ್ಕೊಮ್ಮೆ ಯಂತ್ರ ಮಲಗಬೇಕು. ನಾವು ಲ್ಯಾಬಿನಲ್ಲಿ ಓಡಿಸಿದ್ದು ಮೂರು ದಿನ. ಸಿಕ್ಕಿಬೀಳುವ ಸಾಧ್ಯತೆ ಹತ್ತರಲ್ಲೊಂದು. ಗಿರಾಕಿಗಳ ಬಳಿ ಇದ್ದದ್ದು ಸುಮಾರು ಮೂವತ್ತು ಯಂತ್ರ, ಎಂದರೆ ದಿನಕ್ಕೊಂದು ಎಲ್ಲೋ ಒಂದು ಕಡೆ ಮಲಗುತ್ತಲೇ ಇದ್ದಿರಬೇಕು. ಅವರು ಆಫ್ ಮಾಡಿ ಆನ್ ಮಾಡುತ್ತಿದ್ದರು. ‘ಕರೆಂಟ್ ಏರುಪೇರು ಇರಬೇಕು’ ಎಂದು ನಮ್ಮ ಸರ್ವೀಸಿನವರೂ ಎರಡು ಸಲ ಬರೆದುಕೊಂಡು ಬಂದಿದ್ದರು. ಆ ಶನಿವಾರ ಗೋದಾಮಿನಲ್ಲಿ ಆಫ್ ಮಾಡಿ ಆನ್ ಮಾಡುವವರು ಯಾರೂ ಇರಲಿಲ್ಲ.

ಈ ಭಯ ಹೊಸದಲ್ಲ. 1950ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನಲ್ಲಿ ಎಕ್ಸ್1 ಎಂಬ ಕಂಪ್ಯೂಟರ್ ರೂಪಿಸುತ್ತಿದ್ದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್, ಅದರಲ್ಲಿ ಇಂಟರಪ್ಟ್ ಇಡೋಣವೆಂದರು. ಅದಕ್ಕೆ ಪ್ರೋಗ್ರಾಂ ಬರೆಯಬೇಕಾಗಿದ್ದವನು ಎಡ್ಸ್‌ಗರ್ ಡೈಕ್‌ಸ್ಟ್ರಾ, ಮುಂದೆ 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದವನು. ಅವನು ಹೆದರಿಬಿಟ್ಟ. ಪ್ರೋಗ್ರಾಮಿನ ಯಾವ ಎರಡು ಹೆಜ್ಜೆಗಳ ನಡುವೆ ಬೇಕಾದರೂ ಇನ್ನೇನೋ ನುಗ್ಗಬಹುದು ಎಂದಾದರೆ, ಒಮ್ಮೆ ಕಂಡ ತಪ್ಪನ್ನು ಮತ್ತೊಮ್ಮೆ ಕಾಣುವಂತೆ ಮಾಡುವುದೇ ಅಸಾಧ್ಯವಾಗುತ್ತದಲ್ಲ ಎಂಬುದು ಅವನ ಚಿಂತೆ. ಕೆಲವು ತಿಂಗಳು ನಿರ್ಧಾರವನ್ನೇ ಮುಂದೂಡಿಸಿದ. ಕೊನೆಗೆ ‘ನಿನ್ನಿಂದಲ್ಲದೆ ಇನ್ಯಾರಿಂದ’ ಎಂದು ಹೊಗಳಿ ಅವನನ್ನು ಒಪ್ಪಿಸಿದರು. 1959ರ ಅವನ ಡಾಕ್ಟರೇಟ್ ಪ್ರಬಂಧದ ವಸ್ತು ಇದೇ ಕೆಲಸ. ಅಂಥವನೇ ಹೆದರಿದ ಜಾಗದಲ್ಲಿ ನಾನು ಕಂಬ ಹಿಡಿದು ನಿಂತು ಹೆಬ್ಬೆರಳಿನಲ್ಲಿ ಪರದೆ ಸರಿಸಿದ್ದೆ.

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದಲ್ಲಿ ಸುಮಾರು ಐದು ಕೋಟಿ ಜನರಿಗೆ ಕರೆಂಟ್ ಹೋಯಿತು. ಅದಕ್ಕೆ ಕಾರಣ ಹಲವಿದ್ದವು. ಅವುಗಳಲ್ಲಿ ಒಂದು, ಒಹಾಯೊದ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ಸತ್ತಿದ್ದು. ಪರದೆಗಳು ಹಳೆಯ ಸ್ಥಿತಿಯನ್ನೇ ತೋರಿಸುತ್ತಿದ್ದವು, ಕೂತವರು ಎಲ್ಲ ಸರಿಯಿದೆ ಎಂದುಕೊಂಡಿದ್ದರು. ಅದು ಇಂಟರಪ್ಟ್‌ನ ತಪ್ಪಲ್ಲ, ಆದರೆ ಅದೇ ಕುಟುಂಬದ್ದು. ಎರಡು ಕೆಲಸಗಳು ಒಂದೇ ದತ್ತಾಂಶದ ಮೇಲೆ ಒಂದೇ ಕ್ಷಣದಲ್ಲಿ ಕೈ ಹಾಕಿದ್ದು. ಕ್ಷಣವೂ ಅಲ್ಲ, ಮಿಲಿಸೆಕೆಂಡುಗಳ ಕಿಂಡಿ. ಆ ಸಾಫ್ಟ್‌ವೇರ್ ಅಲ್ಲಿಯವರೆಗೆ ಬೇರೆ ಬೇರೆ ಕಡೆ ಒಟ್ಟು ಮೂವತ್ತು ಲಕ್ಷ ಗಂಟೆಗೂ ಹೆಚ್ಚು ಓಡಿತ್ತು, ಒಮ್ಮೆಯೂ ಹಾಗಾಗಿರಲಿಲ್ಲ. ಅದನ್ನು ಕಂಡುಹಿಡಿಯಲು ಎಂಜಿನಿಯರುಗಳು ವಾರಗಟ್ಟಲೆ ಕೋಡ್ ಓದಬೇಕಾಯಿತು. ನನ್ನ ಮೈನಸ್ 18ರ ಪರದೆಯನ್ನು ನೆನೆದಾಗಲೆಲ್ಲ ಒಹಾಯೊ ನೆನಪಾಗುತ್ತದೆ.

ಓದುವುದೊಂದೇ ದಾರಿ ಎಂದು ನಾನು ಹೇಳುತ್ತಿಲ್ಲ. ಯಂತ್ರವೂ ಸಹಾಯ ಮಾಡುತ್ತದೆ. 2006ರಲ್ಲಿ ಇಂಗೊ ಮೊಲ್ನಾರ್ ಲಿನಕ್ಸ್‌ಗೆ ಸೇರಿಸಿದ ಲಾಕ್‌ಡೆಪ್ ಎಂಬ ಪರೀಕ್ಷಕ ಇದೆ. ಯಾವ ಬೀಗವನ್ನು ಹ್ಯಾಂಡ್ಲರ್ ಹಿಡಿಯಿತು, ಅದೇ ಬೀಗವನ್ನು ಇನ್ಯಾರು ಇಂಟರಪ್ಟ್ ತೆರೆದಿಟ್ಟು ಹಿಡಿದರು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಎರಡೂ ಒಂದೊಂದು ಸಲ ನಡೆದರೆ ಸಾಕು, ಯಂತ್ರ ಮಲಗದಿದ್ದರೂ ‘ಇದು ಎಂದಾದರೂ ಮಲಗುತ್ತದೆ’ ಎಂದು ಕೂಗುತ್ತದೆ. ನಮ್ಮ ಹದಿನಾಲ್ಕು ಸಾಲನ್ನು ಅದು ಮೊದಲ ನಿಮಿಷದಲ್ಲೇ ಹಿಡಿಯುತ್ತಿತ್ತು. ಆದರೆ ಅದನ್ನು ಹಾಕಿದರೆ ಯಂತ್ರ ನಿಧಾನವಾಗುತ್ತದೆ. ಯಾವುದೋ ಡೆಡ್‌ಲೈನಿನ ವಾರದಲ್ಲಿ ಯಾರೋ ಅದನ್ನು ತೆಗೆದಿದ್ದರು. ಮತ್ತೆ ಹಾಕಲು ಯಾರಿಗೂ ನೆನಪಾಗಲಿಲ್ಲ. ಇನ್ನೊಂದು ಮಾತು. ಇಂಟರಪ್ಟ್ ಕೆಲಸವನ್ನೆಲ್ಲ ಥ್ರೆಡ್‌ಗೆ ತಳ್ಳುವ, ಸುಮಾರು ಇಪ್ಪತ್ತು ವರ್ಷ ಹೊರಗೇ ಬೆಳೆದ ರಿಯಲ್ ಟೈಮ್ ಮಾದರಿ 2024ರ ಲಿನಕ್ಸ್ 6.12ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿತು. ಅಂಥ ಕರ್ನಲ್ ಆಗಿದ್ದರೆ ಈ ತಪ್ಪು ಇಷ್ಟು ದೊಡ್ಡದಾಗುತ್ತಿರಲಿಲ್ಲ. ನಮ್ಮದು ಸಾದಾ ಕರ್ನಲ್.

ಮೀಟಿಂಗ್ ಬುಧವಾರ ಇತ್ತು. ಪರದೆಯ ಮೇಲೆ ಆ ಹದಿನಾಲ್ಕು ಸಾಲು, ಎಡಗಡೆ ಹುಡುಗನ ಹೆಸರು. ಬರೆದವನ ಹೆಸರು ದೊಡ್ಡದಾಗಿ ಕಾಣುತ್ತದೆ, ಓದಿದವನ ಹೆಸರು ನೋಡಬೇಕೆಂದರೆ ಒಂದು ಕ್ಲಿಕ್ ಮಾಡಬೇಕು. ಯಾರೂ ಕ್ಲಿಕ್ ಮಾಡಲಿಲ್ಲ. “ಹೊಸಬರಿಗೆ ಇಂಥದ್ದನ್ನು ಕೊಡಬಾರದಿತ್ತು” ಎಂದು ಒಬ್ಬರು, ಅವನ ಪ್ರೊಬೇಷನ್ ಮುಂದುವರಿಸುವ ಬಗ್ಗೆ ಇನ್ನೊಬ್ಬರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ನಾನೂ ಸುಮ್ಮನಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಮ್ಮನಿದ್ದೆ ಎಂಬುದು ನಿಜ. ಆ ಸಂಜೆ ಘನ್ಸೋಲಿಯಿಂದ ಥಾಣೆ, ಥಾಣೆಯಿಂದ ಡೊಂಬಿವಲಿ, ಅಷ್ಟು ಉದ್ದದ ಪ್ರಯಾಣ ನನಗೆ ಯಾವತ್ತೂ ಆಗಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಎಲ್ಲರಿಗೂ ಮೇಲ್ ಹಾಕಿದೆ: ಇದನ್ನು ಓದಿ ಸರಿಯಿದೆ ಎಂದವನು ನಾನು, ಓದಿದ್ದು ರೈಲಿನಲ್ಲಿ, ಕಡತವನ್ನು ಪೂರ್ತಿ ತೆರೆಯದೆ. ಲಿನಕ್ಸ್‌ನವರು ‘ರಿವ್ಯೂಡ್ ಬೈ’ ಎಂಬ ಸಾಲಿಗೆ ಏನರ್ಥ ಎಂದು ಬರೆದಿಟ್ಟಿದ್ದಾರೆ. ಓದಿದವನು ಕೋಡ್‌ನಲ್ಲಿ ತಪ್ಪೇ ಇಲ್ಲವೆಂದು ಗ್ಯಾರಂಟಿ ಕೊಡುವುದಿಲ್ಲ, ಆದರೆ ಸರಿಯಾಗಿ ಪರಿಶೀಲಿಸಿದ್ದೇನೆ ಎಂದು ಹೇಳುತ್ತಾನೆ. ನಾನು ಹೇಳಿದ್ದು ಸುಳ್ಳಾಗಿತ್ತು. ಹುಡುಗನ ಪ್ರೊಬೇಷನ್ ಮುಂದುವರಿಯಲಿಲ್ಲ, ಕೆಲಸ ಖಾಯಂ ಆಯಿತು. ನನ್ನ ಆ ವರ್ಷದ ಇನ್‌ಕ್ರಿಮೆಂಟ್ ಬಗ್ಗೆ ಇಲ್ಲಿ ಬರೆಯುವುದು ಬೇಡ.

ಈಗ ಇಂಟರಪ್ಟ್ ಕೋಡ್ ರಿವ್ಯೂಗೆ ಬಂದರೆ ಮೇಜಿನ ಮೇಲೆ, ದೊಡ್ಡ ಪರದೆಯಲ್ಲಿ, ಕಡತವನ್ನು ಪೂರ್ತಿ ತೆರೆದು ಓದುತ್ತೇನೆ. ಮೊದಲು ಹ್ಯಾಂಡ್ಲರ್ ಓದಿ, ಅದು ಮುಟ್ಟುವ ಪ್ರತಿ ವಸ್ತುವಿನ ಹೆಸರನ್ನು ಕಾಗದದ ಮೇಲೆ ಬರೆಯುತ್ತೇನೆ. ಆಮೇಲೆ ಆ ಹೆಸರುಗಳು ಕಡತದಲ್ಲಿ ಇನ್ನೆಲ್ಲೆಲ್ಲಿ ಬರುತ್ತವೆ ಎಂದು ಹುಡುಕುತ್ತೇನೆ. ಪ್ರತಿ ಜಾಗದಲ್ಲೂ ನಿಂತು ‘ಸರಿಯಾಗಿ ಇಲ್ಲಿ ಗಂಟೆ ಬಾರಿಸಿದರೆ?’ ಎಂದು ಕೇಳಿಕೊಳ್ಳುತ್ತೇನೆ. ಗಂಟೆಗೆ ನೂರಿನ್ನೂರು ಸಾಲು ಸಾಗುವುದಿಲ್ಲ. ಮೊದಲು ಎಲ್ಲರೂ ಗೊಣಗಿದರು, ಈಗ ರೂಢಿಯಾಗಿದೆ.

ಸಾಧನವನ್ನು ಕಿತ್ತು ಹಾಕಿದ ಮೇಲೂ ಹ್ಯಾಂಡ್ಲರ್ ಓಡಬಹುದು, ಆಗ ಅದಕ್ಕೆ ಎಲ್ಲ ಬಿಟ್‌ಗಳೂ ಒಂದೇ ಎಂದು ಕಾಣುತ್ತವೆ, ‘ಎಲ್ಲರೂ ನನ್ನನ್ನೇ ಕರೆಯುತ್ತಿದ್ದಾರೆ’ ಎಂದು ಅದು ಗಾಬರಿಯಾಗುತ್ತದೆ. ಇಂಥ ಸಣ್ಣ ಸಂಗತಿಗಳು ಬೇಕಾದಷ್ಟಿವೆ. ಈ ಕೆಲಸದಲ್ಲಿರುವವರಿಗೆ ಗೊತ್ತು, ಇಲ್ಲದವರಿಗೆ ಬೇಸರ.

ಕಳೆದ ತಿಂಗಳು ನಾನೇ ಒಂದು ಡ್ರೈವರ್ ಬರೆದೆ. ಸಾಧನ ತೆಗೆಯುವಾಗ ನಡೆಯುವ ಭಾಗದಲ್ಲಿ ಬಫರಿನ ಮೆಮೊರಿಯನ್ನು ನನ್ನ ಕೈಯಾರೆ ಬಿಡುಗಡೆ ಮಾಡಿದ್ದೆ. ಇಂಟರಪ್ಟ್ ಅನ್ನು ಮಾತ್ರ ಕರ್ನಲ್ ತಾನಾಗಿ ಬಿಡಿಸಿಕೊಳ್ಳಲಿ ಎಂದು ಅದಕ್ಕೇ ವಹಿಸಿದ್ದೆ. ರಿವ್ಯೂಗೆ ಕೊಟ್ಟದ್ದು ಆ ವಿಜಯಪುರದ ಹುಡುಗನಿಗೆ. ಎರಡು ದಿನ ಏನೂ ಸದ್ದಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನನ್ನ ಮೇಜಿಗೆ ಬಂದ, ಇನ್ನೊಂದು ಕೈಯಲ್ಲಿ ಕಾಗದ.

“ಸರ್, ಕರ್ನಲ್ ಇಂಟರಪ್ಟ್ ಬಿಡಸೂದು ನಿಮ್ಮ ಫಂಕ್ಷನ್ ಮುಗದ ಮ್ಯಾಲಲ್ರೀ?”

“ಹೌದು.”

“ನೀವು ಬಫರ್ ಮೊದಲ ಬಿಟ್ಟೀರಿ. ನಡುವ ಗಂಟಿ ಬಾರಿಸಿದ್ರ ಹ್ಯಾಂಡ್ಲರ್ ಯಾವ ಮನೀಗೆ ಹೋಗಬೇಕ್ರೀ? ಮನಿ ಖಾಲಿ ಮಾಡೀರಿ, ಗಂಟಿ ಇನ್ನೂ ಬಿಚ್ಚಿಲ್ಲ.”

ಕಾಗದ ತೆಗೆದುಕೊಂಡು ನೋಡಿದೆ. ಹ್ಯಾಂಡ್ಲರ್ ಮುಟ್ಟುವ ಏಳು ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದ, ಐದನೆಯದಕ್ಕೆ ಸುತ್ತು ಹಾಕಿದ್ದ. ಆ ಸಂಜೆ ತಿದ್ದಿ ಕಳಿಸಿದೆ. ಅವನು ಸಹಿ ಹಾಕಿದ್ದು ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ, ಮೇಜಿನಲ್ಲಿ ಕೂತು.